ಹೊಸಕೋಟೆಯ ಕನ್ನಡಿ, ಕುಣಿಯುವ ಗಾಳಿ

ಏಪ್ರಿಲ್ ಮಧ್ಯಾಹ್ನ ವೈಟ್‌ಫೀಲ್ಡ್ ರಸ್ತೆಯಲ್ಲಿ 335-ಇ ಬಸ್ಸಿಗೆ ಕಾದಿದ್ದೀರಾ? ದೂರದಲ್ಲಿ ಬಸ್ಸು ಕಾಣುತ್ತೆ, ಬೋರ್ಡ್ ಮಾತ್ರ ನೀರೊಳಗಿದ್ದ ಹಾಗೆ ಕುಣೀತಿರುತ್ತೆ. ಬಿಸಿಗಾಳಿ, ತಂಗಾಳಿ ಬೆರೆತು ಬೆಳಕನ್ನ ಅತ್ತಿತ್ತ ಬಾಗಿಸುತ್ತೆ. ನಕ್ಷತ್ರ ಮಿನುಗೋದೂ ಹೀಗೇ.

ವೈಟ್‌ಫೀಲ್ಡ್ ದಾಟಿ ಮುಂದೆ ಹೋದರೆ ಹೊಸಕೋಟೆ. ಅಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಕ್ಯಾಂಪಸ್ ಇದೆ. ಲಡಾಖ್‌ನ ಹಾನ್ಲೆಯಲ್ಲಿರುವ 2 ಮೀಟರ್ ಟೆಲಿಸ್ಕೋಪನ್ನ ಉಪಗ್ರಹ ಸಂಪರ್ಕದ ಮೂಲಕ ನಡೆಸೋದು ಇಲ್ಲಿಂದಲೇ. ಟಿಎಂಟಿ ಅನ್ನೋ 30 ಮೀಟರ್ ಟೆಲಿಸ್ಕೋಪಿನ 492 ಕನ್ನಡಿ ತುಂಡುಗಳಲ್ಲಿ ಭಾರತದ ಪಾಲನ್ನ ಪಾಲಿಶ್ ಮಾಡೋ ಘಟಕವೂ ಇಲ್ಲೇ ಇದೆ.

ನಾನು ಬಿಕಾಂ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. 2 ಮೀಟರಿಗಿಂತ 30 ಮೀಟರ್ ಕನ್ನಡಿಗೆ 225 ಪಟ್ಟು ಬೆಳಕು ಸಿಗುತ್ತೆ. ಆದರೆ ಗಾಳಿಯ ಕಾಟ ಸರಿಪಡಿಸದಿದ್ದರೆ, ಒಳ್ಳೇ ಜಾಗದಲ್ಲೂ ಸಿಗುವ ಸ್ಪಷ್ಟತೆ 10-20 ಸೆಂಟಿಮೀಟರ್ ಟೆಲಿಸ್ಕೋಪಿನಷ್ಟೇ! ಅಷ್ಟು ದುಡ್ಡು ಸುರಿದು ಇಷ್ಟೇನಾ?

ಅದಕ್ಕೇ ಅಡಾಪ್ಟಿವ್ ಆಪ್ಟಿಕ್ಸ್. ನೋಡಬೇಕಾದ್ದರ ಪಕ್ಕದ ಒಂದು ಹೊಳೆಯುವ ನಕ್ಷತ್ರವನ್ನ ಸಾಕ್ಷಿ ಇಟ್ಕೊಳ್ತಾರೆ. ಅದರ ಬೆಳಕು ಎಷ್ಟು ಸೊಟ್ಟಗಾಗಿದೆ ಅಂತ ಸೆನ್ಸರ್ ಅಳೆಯುತ್ತೆ. ಬಾಗಬಲ್ಲ ಒಂದು ಪುಟ್ಟ ಕನ್ನಡಿ ಸೆಕೆಂಡಿಗೆ ನೂರಾರು ಸಲ ಅದಕ್ಕೆ ತದ್ವಿರುದ್ಧವಾಗಿ ಸೊಟ್ಟಗಾಗುತ್ತೆ. ಎರಡು ಸೊಟ್ಟ ಸೇರಿ ನೆಟ್ಟಗೆ. ಪಕ್ಕದಲ್ಲಿ ನಕ್ಷತ್ರ ಇಲ್ಲದಿದ್ದರೆ ಹಳದಿ ಲೇಸರ್ ಬಿಟ್ಟು, ಸುಮಾರು 90 ಕಿ.ಮೀ. ಮೇಲಿರೋ ಸೋಡಿಯಂ ಪದರವನ್ನ ಹೊಳೆಸ್ತಾರೆ. ಹಳೇ ಬೀದಿದೀಪದ ಅದೇ ಹಳದಿ! ಹೊರೇಸ್ ಬ್ಯಾಬ್‌ಕಾಕ್ ಈ ತಿದ್ದುಪಡಿಯ ಐಡಿಯಾ ಕೊಟ್ಟಿದ್ದು 1953ರಲ್ಲಿ. ಅದನ್ನ ಮಾಡಿ ತೋರಿಸುವಷ್ಟು ವೇಗದ ಕಂಪ್ಯೂಟರ್ ಆಗ ಎಲ್ಲಿತ್ತು?

ಒಂದು ಗೊಂದಲ, ನನಗೂ ಇತ್ತು. ಟಿಎಂಟಿಯ ಪ್ರತಿ ತುಂಡಿನ ಹಿಂದೆ 3ರಂತೆ ಒಟ್ಟು 1476 ಆಕ್ಚುವೇಟರ್‌ಗಳು ಬೇಕು. ಅವು ತಿದ್ದೋದು ವಾತಾವರಣವನ್ನಲ್ಲ. ಭಾರ, ಬಿಸಿಲಿಗೆ ಕನ್ನಡಿ ತುಂಡುಗಳು ಸಾಲು ತಪ್ಪದ ಹಾಗೆ ಹಿಡಿಯೋದಷ್ಟೇ ಅವುಗಳ ಕೆಲಸ. ವಾತಾವರಣದ ತಿದ್ದುಪಡಿಗೆ ಬೇರೆ ಯಂತ್ರ ಇದೆ, ಅದು ಕೆನಡಾದ ಪಾಲು. ಹೊಸಕೋಟೆಯ ಪಾಲಿಶ್ ಎಷ್ಟೇ ನುಣುಪಾಗಿರಲಿ, ಆ ಯಂತ್ರ ಇಲ್ಲದಿದ್ದರೆ ಚಿತ್ರ ಮಸುಕೇ.

ಈಗ ಟೆಲಿಸ್ಕೋಪೇ ಏಳುತ್ತಾ ಅನ್ನೋ ಪ್ರಶ್ನೆ. ಹವಾಯಿಯ ಮೌನಾ ಕೀ ಬೆಟ್ಟ ಸ್ಥಳೀಯರಿಗೆ ಪವಿತ್ರ, 2015 ಮತ್ತು 2019ರಲ್ಲಿ ಅವರು ದಾರಿಗೇ ಅಡ್ಡ ಕೂತರು. ಅವರ ಮಾತಲ್ಲಿ ತಪ್ಪಿದೆ ಅಂತ ನನಗೆ ಅನ್ನಿಸಲ್ಲ. 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಟಿಎಂಟಿಯನ್ನ ಬಿಟ್ಟು ಜೈಂಟ್ ಮೆಗೆಲನ್ ಟೆಲಿಸ್ಕೋಪನ್ನ ಮುಂದಿನ ಹಂತಕ್ಕೆ ಆರಿಸಿಕೊಂಡಿತು. ಹೊಸಕೋಟೆಯ ಕನ್ನಡಿಗಳು ಕೂರೋ ಬೆಟ್ಟ ಯಾವುದು ಅನ್ನೋದೇ ಇನ್ನೂ ಗಟ್ಟಿಯಾಗಿಲ್ಲ.