ಪರಭಾಷೆಯ ಮೆಟ್ಟಿಲುಗಳು

ಪರಭಾಷೆಯನ್ನು ಕಲಿಯಹೊರಟವರಲ್ಲಿ ಅನೇಕರು ಮೊದಲ ಮೆಟ್ಟಿಲಿನಲ್ಲಿ ಸೋಲುವುದಿಲ್ಲ, ನಡುದಾರಿಯಲ್ಲಿ ಕೈಬಿಡುತ್ತಾರೆ. ಇದೇಕೆಂಬುದನ್ನು ಜರ್ಮನ್ ಭಾಷೆಯ ನಿದರ್ಶನದಿಂದ ನೋಡೋಣ.

ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಕ್ರಮದಂತೆ ಭಾಷಾಭ್ಯಾಸಕ್ಕೆ ಆರು ಹಂತಗಳು: ಎ1, ಎ2, ಬಿ1, ಬಿ2, ಸಿ1, ಸಿ2. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಪಾಠಗಳೂ ಈ ಕ್ರಮದವೇ.

ಮೊದಲೆರಡು ಹಂತಗಳಲ್ಲಿ ಊರು, ಹೆಸರು, ಬೆಲೆ, ಹೊತ್ತು ವಿಚಾರಿಸುವಷ್ಟು ಮಾತು ಬರುತ್ತದೆ. ಕನ್ನಡಿಗರಿಗೆ ಇಲ್ಲಿ ತೊಡಕಾಗುವುದು ಲಿಂಗ. ನಮ್ಮಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಜರ್ಮನ್ನಿನಲ್ಲಾದರೋ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕಲಿಂಗ! ಆದುದರಿಂದ ಪ್ರತಿಯೊಂದು ನಾಮಪದವನ್ನೂ ಅದರ ಮುಂದೆ ಬರುವ ‘ಡೇರ್’, ‘ಡೀ’ ಅಥವಾ ‘ಡಾಸ್’ ಜೊತೆಗೇ ಬಾಯಿಪಾಠ ಮಾಡಬೇಕು. ನಮಗೊಂದು ಅನುಕೂಲವೂ ಉಂಟು. ಕಾರಣ ಹೇಳುವ ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕೊನೆಗೆ ಬರುತ್ತದೆ. ಕೊನೆಯವರೆಗೆ ಕಾದು ಅರ್ಥ ಹಿಡಿಯುವುದು ಕನ್ನಡದ ಕಿವಿಗೆ ಹೊಸದಲ್ಲ.

ನಿಜವಾದ ಪರೀಕ್ಷೆ ಬಿ1 ದಾಟಿದ ಮೇಲೆ. ಮೊದಲು ಕಲಿತ ಪದಗಳು ಮಾತುಮಾತಿಗೂ ಮರಳಿ ಬರುವುದರಿಂದ ಇಂದು ಕಲಿತದ್ದರ ಫಲ ಇಂದೇ ಕಾಣುತ್ತದೆ. ಆಮೇಲಿನ ಪದಗಳು ಎಷ್ಟೋ ಪುಟಗಳಿಗೊಮ್ಮೆ ಎದುರಾಗುವಂಥವು. ಅಷ್ಟೇ ದುಡಿದರೂ ಮುನ್ನಡೆ ಕಣ್ಣಿಗೆ ಬೀಳದು. ‘ನನ್ನ ತಲೆಗೆ ಇಷ್ಟೇ’ ಎಂದು ಪುಸ್ತಕ ಮುಚ್ಚುವುದು ಇಲ್ಲಿಯೇ. ಇದು ಬುದ್ಧಿಯ ಕೊರತೆಯಲ್ಲ. ಅಪರೂಪದ ಪದಗಳ ಸ್ವಭಾವ. ಆದರೆ ನಷ್ಟ ಸಣ್ಣದಲ್ಲ. ಜರ್ಮನಿಯಲ್ಲಿ ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಬೇಕು. ಒಂದು ಮೆಟ್ಟಿಲು ಕೆಳಗೆ ನಿಂತವರಿಗೆ ಅದುವರೆಗಿನ ಶ್ರಮವೂ ಕೈಗೆ ಹತ್ತುವುದಿಲ್ಲ.

ಇದಕ್ಕೆ ಉಪಾಯವೇನು? ಕೆಲವು ತಿಂಗಳು ಒಂದೇ ವಿಷಯವನ್ನು ಹಿಡಿಯಿರಿ. ಆಸ್ಪತ್ರೆಯಾಗಲಿ, ಅಡಿಗೆಯಾಗಲಿ, ರೈಲಾಗಲಿ, ಅದನ್ನೇ ಓದಿ, ಅದನ್ನೇ ಕೇಳಿ. ಬೇರೆಡೆ ಅಪರೂಪವಾದ ಪದಗಳು ಆ ವಿಷಯದೊಳಗೆ ಪದೇ ಪದೇ ಬರುತ್ತವೆ. ಕಿವಿಯ ಅಭ್ಯಾಸಕ್ಕೆ, ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲ್ಲೆ ಕಲಿಯುವವರಿಗೆಂದೇ ನಿಧಾನವಾಗಿ ಓದಿಸುವ ವಾರ್ತೆಗಳಿವೆ. ಮೊದಲು ಬರಿದೇ ಕೇಳಿ. ಬಳಿಕ ಬರಹವನ್ನು ನೋಡುತ್ತ ಕೇಳಿ. ಕೊನೆಗೆ ಬರಹವನ್ನು ಮುಚ್ಚಿಟ್ಟು ಮತ್ತೊಮ್ಮೆ ಕೇಳಿ.

ನಿಮ್ಮ ಮನೆಯಲ್ಲಿ ಯಾರಾದರೂ ಈ ನಡುದಾರಿಯಲ್ಲಿದ್ದರೆ, ‘ಇನ್ನೂ ಮುಗಿಯಲಿಲ್ಲವೇ?’ ಎಂದು ಕೇಳಬೇಡಿ. ‘ಇಂದು ಏನು ಕೇಳಿದೆ?’ ಎಂದು ಕೇಳಿ.