ಬತ್ತಿದ ಬಾವಿ ಲೆಕ್ಕಕ್ಕಿಲ್ಲ!

ದೊಡ್ಡಬಳ್ಳಾಪುರ: ಅರ್ಕಾವತಿ ಎಲ್ಲಿ ಹರಿಯುತ್ತಾಳೆ? ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹತ್ತು ಮಂದಿಯನ್ನು ಕೇಳಿ ನೋಡಿ. ಹಳಬರು ಕೈ ತೋರಿಸಿಯಾರು. ಹುಡುಗರು ಮುಖ ಮುಖ ನೋಡಿಕೊಂಡಾರು. ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ ಸೀಮೆ ಹಾದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿ ಸೇರುವ ಹೊಳೆ ಇದು. ಈಗ ಮೇಲಿನ ಪಾತ್ರದಲ್ಲಿ ಮಳೆ ಬಂದ ನಾಲ್ಕು ದಿನ ನೀರು, ಉಳಿದ ದಿನ ಜಾಲಿ ಮುಳ್ಳು.

ಇದೇ ಹೊಳೆ ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕುಡಿಸಿತ್ತು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳಾಯಿ ನೀರು ಹೋಯಿತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯ ಎದ್ದಿತು. ಆಮೇಲೆ ಜಲಾಶಯಕ್ಕೆ ಬರುವ ನೀರು ದಶಕದಿಂದ ದಶಕಕ್ಕೆ ಇಳಿಯಿತು. ಬಂದ ಅಷ್ಟಿಷ್ಟು ನೀರೂ ಕೊಳೆಯಾಯಿತು. 2012ರಲ್ಲಿ ನಗರಕ್ಕೆ ಅಲ್ಲಿಂದ ನೀರೆತ್ತುವುದೇ ನಿಂತಿತು.

ಮಳೆಯ ಮೇಲೆ ತಪ್ಪು ಹೊರಿಸಬೇಡಿ

'ಕಾಲ ಕೆಟ್ಟೋಯ್ತು, ಮಳೆ ಇಲ್ಲ' ಅನ್ನುವುದು ಎಲ್ಲರ ಬಾಯಲ್ಲಿರುವ ಮಾತು. ಆದರೆ ಬೆಂಗಳೂರಿನ 'ಏಟ್ರೀ' ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಹೊಳೆ ಬತ್ತಿದ್ದಕ್ಕೆ ಮಳೆಯ ಕೊರತೆ ಕಾರಣ ಅಲ್ಲ. ಕೊಳವೆಬಾವಿಗಳು ನೆಲದ ನೀರನ್ನು ಎತ್ತಿದ್ದು, ಹೊಲಹೊಲಗಳಲ್ಲಿ ನೀಲಗಿರಿ ಹಬ್ಬಿದ್ದು ಮುಖ್ಯ ಕಾರಣ. ಹಳ್ಳಗಳಿಗೆ ಅಡ್ಡ ಕಟ್ಟಿದ ಒಡ್ಡುಗಳ ಪಾಲೂ ಉಂಟು. ನೀಲಗಿರಿ ಹೊಸದಾಗಿ ನೆಡಬಾರದೆಂದು ಸರಕಾರ 2017ರಲ್ಲಿ ಆಜ್ಞೆ ಮಾಡಿತು. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ನೆಲದೊಳಗಿನ ನೀರಿಗೂ ಮೇಲಿನ ಹೊಳೆಗೂ ಏನು ನಂಟು? ಸರಳವಾಗಿದೆ. ಬಾವಿಯ ನೀರಿನ ಮಟ್ಟ ಹೊಳೆಯ ತಳಕ್ಕಿಂತ ಮೇಲಿದ್ದರೆ, ಮಳೆ ನಿಂತರೂ ಒರತೆ ಒಸರಿ ಹೊಳೆ ಹರಿಯುತ್ತದೆ. ಮಟ್ಟ ತಳಕ್ಕಿಂತ ಕೆಳಗಿಳಿದರೆ ಲೆಕ್ಕ ತಿರುಗುಮುರುಗು. ಹೊಳೆಯೇ ನೆಲಕ್ಕೆ ನೀರು ಕೊಡಬೇಕು, ಕೊಟ್ಟು ತಾನು ಒಣಗಬೇಕು. ಹಿಂದೆ ಸಂಕ್ರಾಂತಿ ಕಳೆದರೂ ಮರಳು ಬಗೆದರೆ ನೀರು ಸಿಗುತ್ತಿತ್ತು ಎಂದು ಹಿರಿಯರು ಹೇಳುವುದರ ಗುಟ್ಟು ಇದೇ.

ಹಾಗಾಗಿ ಕೆರೆ ಒಂದನ್ನೇ ಅಳೆದರೆ ಸಾಲದು, ಬಾವಿ ಒಂದನ್ನೇ ಅಳೆದರೂ ಸಾಲದು. 2022ರ ಭಾರೀ ಮಳೆಗೆ ಹೆಸರಘಟ್ಟ ಕೆರೆ ದಶಕಗಳ ಮೇಲೆ ತುಂಬಿತು. ಜನ ಸಂಭ್ರಮಪಟ್ಟರು, ಸರಿಯೇ. ಆದರೆ ಕೆರೆ ತುಂಬಿದ ಮಾತ್ರಕ್ಕೆ ಸಾವಿರ ಅಡಿ ಕೆಳಗಿನ ಬಂಡೆಯ ಬಿರುಕು ತುಂಬಿತೆಂದು ಹೇಳುವಂತಿಲ್ಲ. ಇಲ್ಲಿ ಕೆಳಗಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಕೆಳಗಿನ ಸೀಳುಗಳಲ್ಲಿ ಮಾತ್ರ.

ಲೆಕ್ಕದ ಚಮತ್ಕಾರ

ಅಳೆಯುವವರು ಇಲ್ಲದೇ ಇಲ್ಲ. ಕೇಂದ್ರದ ಅಂತರ್ಜಲ ಮಂಡಳಿಯವರು ಗೊತ್ತುಮಾಡಿದ ಬಾವಿಗಳನ್ನು ವರ್ಷಕ್ಕೆ 4 ಸಲ ಅಳೆಯುತ್ತಾರೆ. ರಾಜ್ಯದ ಇಲಾಖೆಗೂ ತನ್ನದೇ ಬಾವಿಗಳಿವೆ. ಟೇಪು ಇಳಿಬಿಡುತ್ತಾರೆ, ನೀರು ಮುಟ್ಟಿದ ಗುರುತು ನೋಡಿ ಬರೆದುಕೊಳ್ಳುತ್ತಾರೆ. ಇತ್ತೀಚೆಗೆ ತಾನೇ ಬರೆದುಕೊಳ್ಳುವ ಯಂತ್ರಗಳೂ ಬಂದಿವೆ.

ತೊಡಕು ಇರುವುದು ಬತ್ತಿದ ಬಾವಿಯಲ್ಲಿ. ನೀರೇ ಇಲ್ಲದ ಬಾವಿಯಲ್ಲಿ ಯಾವ ಮಟ್ಟ ಬರೆಯುವುದು? ಅಲ್ಲಿ ಅಂಕಿ ಇಲ್ಲ. ಅಂಕಿ ಇಲ್ಲದ ಬಾವಿ ಸರಾಸರಿಯಿಂದ ಜಾರಿಹೋಗುತ್ತದೆ. ದಕ್ಷಿಣ ಭಾರತದಲ್ಲಿ ಅಂತರ್ಜಲ ಚೇತರಿಸಿಕೊಂಡಿದೆ ಎಂಬ ಲೆಕ್ಕವನ್ನು 2019ರಲ್ಲಿ ಸಂಶೋಧಕರು ಮತ್ತೆ ಬಿಡಿಸಿ ನೋಡಿದಾಗ ಸಿಕ್ಕ ಹುಳುಕು ಇದೇ: ಬತ್ತಿದ ಬಾವಿಗಳು ಎಣಿಕೆಯಿಂದ ಬಿಟ್ಟುಹೋಗಿದ್ದವು.

ಅಂಗಡಿಯವರಿಗೆ ಅರ್ಥವಾಗುವ ಹಾಗೆ ಒಂದು ಉದಾಹರಣೆ. ಊರಲ್ಲಿ 5 ಬಾವಿ ಇವೆ ಅನ್ನಿ. ಹೋದ ವರ್ಷ ನೀರು 20, 25, 30, 35, 40 ಅಡಿ ಆಳದಲ್ಲಿತ್ತು. ಸರಾಸರಿ 30 ಅಡಿ. ಈ ವರ್ಷ ಮೊದಲ ಮೂರರಲ್ಲಿ ನೀರು ತಲಾ 2 ಅಡಿ ಇಳಿದು 22, 27, 32 ಆಯಿತು. ಉಳಿದೆರಡು ಬತ್ತಿಹೋದವು, ಲೆಕ್ಕದಿಂದಲೂ ಹೋದವು. ಈಗ ಸರಾಸರಿ ಎಷ್ಟು? 27 ಅಡಿ! ಎಲ್ಲಾ ಬಾವಿಯಲ್ಲೂ ನೀರು ಇಳಿಯಿತು, ಕಾಗದದ ಮೇಲೆ 3 ಅಡಿ ಏರಿತು. ದಿವಾಳಿ ಎದ್ದ ಗಿರಾಕಿಯ ಹೆಸರು ಹೊಡೆದುಹಾಕಿ 'ಉದ್ರಿ ಕಡಿಮೆಯಾಯಿತು' ಎಂದು ಖುಷಿಪಟ್ಟಂತೆ!

ದುಡ್ಡು ಯಾರದು?

ಇದು ಬರೀ ಕಡತದ ಮಾತಾಗಿದ್ದರೆ ಬಿಡಬಹುದಿತ್ತು. ಆದರೆ ಮಟ್ಟ ಗೊತ್ತಿಲ್ಲದ ರೈತ ತೆಂಗಿನಕಾಯಿ ಅಂಗೈ ಮೇಲೆ ನಿಂತ ಕಡೆ ಬೋರು ಹಾಕಿಸುತ್ತಾನೆ. ಧೂಳು ಬಂದರೆ ಹೆಂಡತಿಯ ಒಡವೆ ಗಿರವಿ ಅಂಗಡಿಯಲ್ಲಿ. ಬೋರು ಬತ್ತಿದ ಬೀದಿಯ ಹೋಟೆಲಿನವರು ಟ್ಯಾಂಕರಿಗೆ ಕಾಯುತ್ತಾರೆ, ಕೇಳಿದ ದುಡ್ಡು ಕೊಡುತ್ತಾರೆ. 2020ರ ಸರಕಾರಿ ಅಂದಾಜಿನಲ್ಲೇ ದೊಡ್ಡಬಳ್ಳಾಪುರ ತಾಲ್ಲೂಕು 'ಅತಿಬಳಕೆ' ಪಟ್ಟಿಯಲ್ಲಿದೆ. ಅಂದರೆ ವರ್ಷದಲ್ಲಿ ನೆಲ ಕೊಡಬಲ್ಲದ್ದಕ್ಕಿಂತ ಜನ ಎತ್ತುವುದೇ ಹೆಚ್ಚು.

ದಾರಿ ಇಲ್ಲವೇ? ಇದೆ. ಅನಂತಪುರ, ಚಿತ್ತೂರು ಸೇರಿ ಆಗಿನ ಆಂಧ್ರದ 7 ಜಿಲ್ಲೆಗಳಲ್ಲಿ 2003ರಿಂದ ರೈತರೇ ಬಾವಿ ಅಳೆದರು, ಮಳೆ ಅಳೆದರು. ಇರುವ ನೀರು ಇಷ್ಟು, ಯಾವ ಬೆಳೆ ಇಡೋಣ ಎಂದು ಸೇರಿ ಕೂತು ಲೆಕ್ಕ ಹಾಕಿದರು. ಓದು ಬಾರದವರೂ ಟೇಪು ಹಿಡಿದು ಕಲಿತ ಕೆಲಸ ಅದು.

ಇಲ್ಲಿಯೂ ಬೇಕಾದ್ದು ಇಷ್ಟೆ. ಪಂಪು ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಬಾವಿ ಅಳೆಯಬೇಕು. ಅದೇ ದಿನ ಕೆರೆಯ ತೂಬಿನ ಬಳಿಯ ಅಳತೆಕಂಬ, ಹಳ್ಳದ ಹರಿವು ನೋಡಬೇಕು. ಬತ್ತಿದ ಬಾವಿಯನ್ನು ಬಿಡದೆ 'ತಳದವರೆಗೂ ಒಣಗಿದೆ, ಆಳ ಇಷ್ಟು' ಎಂದು ಬರೆಯಬೇಕು. ಆ ಅಂಕಿ ಬೀರುವಿಗೆ ಹೋಗದೆ ಪಂಚಾಯಿತಿಯ ಗೋಡೆ ಮೇಲೆ ಬರಬೇಕು.

ಹಿಂದೆ ಊರಿಗೊಬ್ಬ ನೀರುಗಂಟಿ ಇದ್ದ. ಕೆರೆಯಲ್ಲಿ ಎಷ್ಟು ನೀರಿದೆ, ಯಾರ ಗದ್ದೆಗೆ ಎಷ್ಟು ಎಂಬುದು ಅವನಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಈಗ ನೀರು ಇರುವುದು ಕಣ್ಣಿಗೆ ಕಾಣದ ಕಡೆ. ಅದಕ್ಕೊಬ್ಬ ನೀರುಗಂಟಿ ಇನ್ನೂ ಬಂದಿಲ್ಲ.