ಒಳಬಾಗಿಲು ಕೆಟ್ಟರೆ ಚೌಕಟ್ಟು ಕೀಳಬೇಡಿ

ಎರೆಭೂಮಿಯ ಮೇಲೆ ಕಟ್ಟಿದ ಮನೆಯಲ್ಲಿ ಒಳಬಾಗಿಲಿನ ಕಾಟ ತಪ್ಪಿದ್ದಲ್ಲ. ಕದ ನೆಲಕ್ಕೆ ಉಜ್ಜುತ್ತದೆ, ಚಿಲಕ ತೂತಿಗೆ ಬೀಳುವುದಿಲ್ಲ, ಬುಡದಲ್ಲಿ ಪದರು ಬಿಚ್ಚುತ್ತದೆ. ಬಡಿಗೇರನ್ನ ಕರೆಸಿದರೆ ಬಹಳ ಮಂದಿ ಹೇಳುವುದು ಒಂದೇ: "ಚೌಕಟ್ಟು ಸಮೇತ ಹೊಸದು ಕೂಡ್ರಿಸಿಬಿಡ್ರಿ." ಮಣ್ಣಿನ ಗೋಡೆಯಿಂದ ಚೌಕಟ್ಟು ಕಿತ್ತರೆ ಅರ್ಧ ಗೋಡೆಯೂ ಜೊತೆಗೆ ಬರುತ್ತದೆ. ಈ ಖರ್ಚಿಗೆ ಹೆದರಿ ಎಷ್ಟೋ ಮನೆಯವರು ಹಳೆ ಸೀರೆಯ ಪರದೆ ಕಟ್ಟಿ ವರ್ಷಗಟ್ಟಲೆ ಕಾಲ ನೂಕುತ್ತಾರೆ. ಬೆಳೆದ ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ಮಾತೇನು?

ಚೌಕಟ್ಟಿನ ಬುಡಕ್ಕೆ ಉಳಿ ಚುಚ್ಚಿ ನೋಡಿ. ಹಿಟ್ಟಿನಂತೆ ಉದುರಿದರೆ ಗೆದ್ದಲು ಹೊಕ್ಕಿದೆ, ಬದಲಿಸಲೇಬೇಕು. ಗಟ್ಟಿ ಇದ್ದರೆ ಕದವೊಂದನ್ನೇ ಬದಲಿಸಿದರೆ ಸಾಕು. ಕೈಪಳಗಿದ ಬಡಿಗೇರನಿಗೆ ಒಂದು ದಿನದ ಕೆಲಸ.

ಕಷ್ಟ ಇರುವುದು ಅಳತೆಯಲ್ಲಿ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಹೊಲದಲ್ಲಿ ಕಣ್ಣಾರೆ ಕಾಣುವ ಈ ಆಟ ಮನೆಯ ಬುನಾದಿ ಕೆಳಗೂ ನಡೆಯುತ್ತಲೇ ಇರುತ್ತದೆ. ಹಂಗಾಗಿ ಮಾನ್ವಿ, ದೇವದುರ್ಗದ ಎರೆ ಸೀಮೆಯಲ್ಲಿ ಹಳೆ ಚೌಕಟ್ಟು ಮೂಲೆಮಟ್ಟ ಇರುವುದು ಅಪರೂಪ. ಕಟ್ಟಿಗೆಯೂ ಹಾಗೇ, ಮಳೆಗಾಲದ ಥಂಡಿ ಹೀರಿ ಅಗಲಾಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಇವೆರಡೂ ಒಂದೇ ವಾರ ಕೂಡಿದರೆ ಏನಾಗುತ್ತದೆ ಎಂಬುದನ್ನು 2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಕಂಡೆವು. ಜಿಲ್ಲೆಯಲ್ಲಿ ಮಣ್ಣಿನ ಮನೆಗಳು ಕುಸಿಯುತ್ತಿದ್ದ ಆ ದಿನಗಳಲ್ಲಿ, ನಮ್ಮ ಅವ್ವ ಮಲಗುವ ಕೋಣೆಯ ಕದ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತು. ಒಳಗೆ ಆಕೆ ಒಬ್ಬಳೇ, ಮೇಲೆ ಸೋರುವ ಮಾಳಿಗೆ. ಹಾರೆ ಹಾಕಿ ಕದ ಎಬ್ಬಿಸಿದ್ದಾಯಿತು. ಮುದುಕರು, ಮಕ್ಕಳು ಮಲಗುವ ಕೋಣೆಯ ಬಾಗಿಲಿಗೆ ಸಂದು ತುಸು ಹೆಚ್ಚೇ ಇರಲಿ ಎಂದು ನಾನು ಹೇಳುವುದು ಇದಕ್ಕೇ.

ಅಳತೆ ತೆಗೆಯುವುದು ಹೀಗೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯಿರಿ. ಎತ್ತರವನ್ನು ಎರಡೂ ಬದಿಗೆ ಹಿಡಿಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಹುರಿ ಹಿಡಿದು ನೋಡಿ. ಎರಡು ಹುರಿಯ ಉದ್ದ ಸಮ ಬರದಿದ್ದರೆ ಚೌಕಟ್ಟು ಸೊಟ್ಟ. ಚೌಕಟ್ಟಿನ ಸೊಟ್ಟಕ್ಕೆ ತಕ್ಕಂತೆ ಕದವನ್ನೇ ಕೊರೆಯಬೇಕು. ಹಳೆ ಕದವನ್ನು ಹೊಸದರ ಮೇಲಿಟ್ಟು ಗೀಟು ಹಾಕುವುದು ಬೇಡ. ಮಳೆಗಾಲದಲ್ಲಿ ಬಿಗಿಯಾದಾಗಲೆಲ್ಲ ರಂದ ಹೊಡೆದು ಅದು ಆಗಲೇ ಸಣ್ಣದಾಗಿರುತ್ತದೆ.

ಈಗ ಹೆಚ್ಚಿನವರು ತರುವುದು ರಾಯಚೂರಿನ ಅಂಗಡಿಗಳಿಂದ ಫ್ಲಶ್ ಡೋರ್. (ಮೆಕ್ಕಾ ದರ್ವಾಜ, ನವರಂಗ ದರ್ವಾಜ ಇರುವ ಊರಿಗೆ ಹೋಗಿ ಪ್ಲೈವುಡ್ ಬಾಗಿಲು ತರುವ ಕಾಲ ಬಂತು!) ಮಾರುವುದು ಚದರಡಿ ಲೆಕ್ಕದಲ್ಲಿ. 30 ಮಿ.ಮೀ. ದಪ್ಪದ್ದು ಒಳಕೋಣೆಗೆ ಸಾಕು. ಒಳಗೆ ಪೂರಾ ಕಟ್ಟಿಗೆ ಪಟ್ಟಿ ತುಂಬಿದ್ದನ್ನೇ ತಗೊಳ್ಳಿ. ಬೆರಳ ಗೆಣ್ಣಿನಿಂದ ಬಡಿದಾಗ ಡೋಲಿನಂತೆ ಸಪ್ಪಳ ಬಂದರೆ ಒಳಗೆ ಪೊಳ್ಳು, ಸ್ಕ್ರೂ ಹಿಡಿಯದು. ನೀರಿಗೆ ಬಿಚ್ಚದ ಅಂಟಿನದು ಬೇಕೆಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಅಗ್ಗದ್ದೇ ಬರುತ್ತದೆ. ಹಳ್ಳಿಯ ಬಾಗಿಲು ಗಿಡ್ಡ, ಅಂಗಡಿಯ ಬಾಗಿಲು ಉದ್ದ. ಫ್ಲಶ್ ಡೋರಿನ ಅಂಚಿಗೆ ಮಾತ್ರ ಗಟ್ಟಿ ಮರದ ಪಟ್ಟಿ ಇರುತ್ತದೆ. ಅದನ್ನು ಪೂರಾ ಕೊಯ್ದು ಹಾಕಿದರೆ ಕದದ ಬಲವೇ ಹೋಯಿತು. ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಒಂದು ಬದಿಗೆ ಕಾಲಿಂಚು ತೆಗೆಯುವಷ್ಟು ಮಾತ್ರ ಹೆಚ್ಚಿರಲಿ.

ಕೂಡ್ರಿಸುವಾಗ ಎರಡು ಬದಿಗೂ ಮೇಲೂ ಒಂದು ನೂಲು, ಅಂದರೆ ಇಂಚಿನ 8ರಲ್ಲಿ 1 ಭಾಗ ಸಂದು ಬಿಡಿ. ಬೇಸಿಗೆಯಲ್ಲಿ ಕೂಡ್ರಿಸುವುದಾದರೆ ಒಂದೂವರೆ ನೂಲು. ಕೆಳಗೆ ಮೂರು ನೂಲು ಬೇಕು. ಕದ ತಿರುಗುವ ಜಾಗದಲ್ಲಿ ಯಾವ ಪರ್ಸಿ ಎದ್ದಿದೆಯೋ ಅದರಿಂದ ಇದನ್ನು ಅಳೆಯಿರಿ. 7 ಅಡಿ ಎತ್ತರ, 3 ಅಡಿ ಅಗಲದ ಗಟ್ಟಿ ಕದ ಸುಮಾರು 30 ಕಿಲೋ ತೂಗುತ್ತದೆ. ಎರಡು ಬಿಜಾಗ್ರಿಗೆ ಈ ಭಾರ ಜಾಸ್ತಿ, 4 ಇಂಚಿನವು ಮೂರು ಬೇಕು. ಚೌಕಟ್ಟಿನ ಹಳೆ ಸ್ಕ್ರೂ ತೂತು ಸಡಿಲಿದ್ದರೆ ಬೇವಿನ ಬೆಣೆ ಕೆತ್ತಿ, ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಹೊಸ ತೂತು ಕೊರೆಯಿರಿ.

ಬಣ್ಣದ ವಿಷಯದಲ್ಲಿ ಬಡಿಗೇರರೂ ಬಣ್ಣದವರೂ ಒಬ್ಬರ ಮೇಲೊಬ್ಬರು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಕಣ್ಣಿಗೆ ಕಾಣುವ ಎರಡು ಮುಖಕ್ಕೆ ಬಣ್ಣ ಬೀಳುತ್ತದೆ, ತಲೆಯ ಅಂಚು, ಬುಡದ ಅಂಚು ಬರಿಯ ಕಟ್ಟಿಗೆ. ದಿನಾ ಪರ್ಸಿ ಒರೆಸುವ ನೀರು ಏರುವುದು ಆ ಬುಡದಿಂದಲೇ. ಕೊರೆದು ಅಳತೆ ಕೂಡಿದ ಮೇಲೆ ಒಮ್ಮೆ ಕದ ಇಳಿಸಿ, ನಾಲ್ಕೂ ಅಂಚಿಗೆ ಎರಡು ಸಲ ಪೇಂಟ್ ಹಚ್ಚಿಸಿ ಮತ್ತೆ ಏರಿಸಿ. ಬಡಿಗೇರ ಗೊಣಗಲಿ, ಬಿಡಬೇಡಿ. ಬಚ್ಚಲಿಗೆ ಮಾತ್ರ ಕಟ್ಟಿಗೆ ಬಾಗಿಲೇ ಬೇಡ, ಪ್ಲಾಸ್ಟಿಕ್ಕಿನದು ಹಾಕಿ.

ಹೊಸ ಕದವೂ ಮೊದಲ ಮಳೆಗಾಲದಲ್ಲಿ ತುಸು ಬಿಗಿಯಾದೀತು. ತಕ್ಷಣ ರಂದ ಹೊಡೆಸಬೇಡಿ. ಎಲ್ಲಿ ಉಜ್ಜುತ್ತದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ದೀಪಾವಳಿ ಕಳೆಯಲು ಬಿಡಿ. ಆಗಲೂ ಉಜ್ಜಿದರೆ ಅಷ್ಟನ್ನೇ ಕೀಸಿಸಿ, ಕೀಸಿದ ಜಾಗಕ್ಕೆ ಪೇಂಟ್ ಮುಟ್ಟಿಸಿ.

ದೇವದುರ್ಗದ ಕಡೆ ಹಳೆ ಮನೆಗಳಲ್ಲಿ ಬಿಜಾಗ್ರಿ ಇಲ್ಲದ, ಕಲ್ಲಿನ ಕುಣಿಯಲ್ಲಿ ತಿರುಗುವ ಜೋಡಿ ಕದ ಇನ್ನೂ ಇವೆ. ಅವನ್ನು ಕಿತ್ತು ಫ್ಲಶ್ ಡೋರ್ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಹಲಗೆ ಗಟ್ಟಿ ಇದ್ದು ಕೆಳಗಿನ ತಿರುಗಣಿ ಮಾತ್ರ ಸವೆದಿದ್ದರೆ, ಅದಕ್ಕೆ ಕಬ್ಬಿಣದ ಬಳೆ ತೊಡಿಸಿ ಕುಣಿಗೆ ಎಣ್ಣೆ ಬಿಟ್ಟರೆ ಮತ್ತೆ ತಿರುಗುತ್ತದೆ.